ಮುಂಗೈ ಮೇಲಿನ ಮಚ್ಚೆ

ಶಾಲೆಯಲ್ಲಿ ಬಿಸಿಯೂಟ ಮಾಡುವವಳ ಮುಂಗೈ ಮೇಲೆ ಬಿಳಿಚಿದ ಮಚ್ಚೆಯೊಂದು ಎದ್ದಿತ್ತು. ಬೆಳಿಗ್ಗೆ ಅದರ ಮೇಲೆ ಕುದಿಯುವ ಸಾರು ಸಿಡಿದು ಬೊಬ್ಬೆ ಬಂದದ್ದೂ ಅವಳಿಗೆ ಗೊತ್ತಾಗಿರಲಿಲ್ಲ.

"ಮುಟ್ಟಿದ್ದು ತಿಳೀದಿದ್ರೆ ಅದು ಕುಷ್ಠದ ಮಚ್ಚೆ. ಹೆದರಬೇಡ, ಮಾತ್ರೆ ನುಂಗಿದ್ರೆ ವಾಸಿಯಾಗುತ್ತೆ," ಅಂದರು ನರ್ಸಮ್ಮ.

"ವಾಸಿಯಾಗೋತನಕ ನಾನು ಬೇಯಿಸಿದ್ದನ್ನ ಯಾರ ಮಕ್ಕಳು ಉಣ್ತಾರಕ್ಕಾ? ಮನೇಲಿ ದುಡಿಯೋ ಕೈ ಇದೊಂದೇ."

"ಮೊದಲು ನೋಡೋಣ ಇರು. ಕಣ್ಣು ಮುಚ್ಕೋ. ಪೆನ್ನಿನ ತುದಿ ಮುಟ್ಟಿಸ್ತೀನಿ, ಮುಟ್ಟಿದಾಗ ಹೇಳು."

ಅವಳು ಕಣ್ಣು ಬಿಗಿಯಾಗಿ ಮುಚ್ಚಿ, ಮುಂಗೈ ಚಾಚಿದಳು. ಇನ್ನೊಂದು ಕೈ ಸೆರಗನ್ನು ಹಿಂಡುತ್ತಿತ್ತು.

"ಹ್ಞೂಂ, ಮುಟ್ಟಿದ್ರಿ. ಈಗಲೂ ಮುಟ್ಟಿದ್ರಿ. ಚುಚ್ಚಿದಂಗೇ ಆಗ್ತೈತೆ ಕಣಕ್ಕಾ, ಚೆನ್ನಾಗಿ ಗೊತ್ತಾಗ್ತೈತೆ!"

ನರ್ಸಮ್ಮ ಇನ್ನೂ ಚೀಲದಲ್ಲಿ ಪೆನ್ನು ಹುಡುಕುತ್ತಿದ್ದರು.