ಕಿಟಕಿ ಹಾಜರಿ

ನಮ್ಮ ಮೊಮ್ಮಗಳು ವರ್ಷವಿಡೀ ಒಂದು ದಿನವೂ ತಪ್ಪಿಸದೆ ಸ್ಕೂಲಿಗೆ ಹೋಗಿದ್ದಕ್ಕೆ ಇವತ್ತು ಬಹುಮಾನ ತಂದಳು ಕಣ್ರಪ್ಪ! ಅವಳು ತಂದ ಕಾಗದದಲ್ಲಿ ‘ಹಾಜರಿ’ ಅನ್ನೋದನ್ನ ಅಕ್ಷರ ಕೂಡಿಸಿ ಓದುತ್ತಲೇ, ಬಾಗೂರು ಪಕ್ಕದ ನಮ್ಮೂರ ಸ್ಕೂಲಿನ ಕಿಟಕಿ ಕಣ್ಣ ಮುಂದೆ ಬಂತು.

ನಾನು ಚಿಕ್ಕೋಳಿದ್ದಾಗ ಅವ್ವ ಹೊಲಕ್ಕೆ ಕಳೆ ಕೀಳೋಕೆ ಹೋದರೆ ತಮ್ಮನನ್ನು ನೋಡಿಕೊಳ್ಳೋಳು ನಾನು. ಮಧ್ಯಾಹ್ನ ಹಾಜರಿ ಕೂಗೋ ಹೊತ್ತಿಗೆ ಅವನನ್ನು ಸೊಂಟಕ್ಕೆ ಏರಿಸಿಕೊಂಡು ಓಡಿ, ಕಿಟಕಿಯಿಂದಲೇ "ಹಾಜರ್ ಸಾ" ಅಂತ ಕೂಗಿ ಮನೆಗೆ ವಾಪಸ್ ಬರುತ್ತಿದ್ದೆ. ಅಷ್ಟು ಕೂಗಿದರೆ ಸ್ಕೂಲಿಗೆ ಹೋದ ಹಾಗೇ ಅಂತ ನಂಬಿದ್ದೆ.

ಒಂದು ಮಧ್ಯಾಹ್ನ ಮೇಷ್ಟ್ರು ನನ್ನ ಹೆಸರು ಕೂಗಲೇ ಇಲ್ಲ. ಕಿಟಕಿ ಸರಳು ಬಿಸಿಲಿಗೆ ಸುಡುತ್ತಿತ್ತು, ಬಿಡದೆ ಹಿಡಿದುಕೊಂಡೆ.

"ಸಾ, ನನ್ನೆಸರು ಬುಟ್ಟೋಯ್ತು!"

"ಬಿಟ್ಟುಹೋಗಿಲ್ಲ ಕಣಮ್ಮ, ಹೊಡೆದು ಹಾಕಿದ್ದೀನಿ. ನೀನು ಒಳಗೆ ಬಂದು ಕೂತು ತಿಂಗಳಾಯ್ತು."

"ಈಗ್ಲೇ ಬಂದು ಕೂತ್ಕತೀನಿ ಸಾ. ಬರೀರಿ ಸಾ. ಇವ್ನು ಅಳಾಕಿಲ್ಲ."

ಅಷ್ಟರಲ್ಲಿ ತಮ್ಮ ಕಿರುಚಿದ. "ಮಗೀಗೂ ಹಾಜರಿ ಹಾಕಿ ಸಾ" ಅಂತ ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ. "ನಿಮ್ಮವ್ವನ್ನ ಕರ್ಕೊಂಡು ಬಾ, ಮತ್ತೆ ಬರೀತೀನಿ" ಅಂದರು.

ಹೊಲಕ್ಕೆ ಓಡಿದೆ, ಸ್ಕೂಲಿಗೆ ಬಾ ಅಂತ ಅವ್ವನ ಕಾಲು ಹಿಡಿದೆ. ಅವ್ವ ಬಗ್ಗಿದ ಸೊಂಟ ಎತ್ತಲಿಲ್ಲ.

"ಒಳ್ಳೇದೇ ಆಯ್ತು ಬುಡಮ್ಮಿ. ಇನ್ನು ಬಿಸ್ಲಲ್ಲಿ ಓಡೋದು ತಪ್ತು."

ಇವತ್ತು ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ಮೊಮ್ಮಗಳು ಒಬ್ಬೊಬ್ಬರ ಹೆಸರೂ ಹಿಡಿದು ಹಾಜರಿ ಕೂಗಿದಳು. ಕೊನೆಗೆ ನನ್ನದೂ ಬಂತು. ಬಾಯಲ್ಲಿದ್ದ ಮುದ್ದೆ ನುಂಗಿ, "ಹಾಜರ್ ಸಾ" ಅಂದೆ.

"ಸಾ ಅಲ್ಲಜ್ಜಿ, ಮಿಸ್!" ಅಂದಳು. ಎಲ್ಲರೂ ನಗುತ್ತಾ ಉಂಡೆವು.