ಮೂರು ಬಿಳಿ ಮೆಟ್ಟಿಲು

"ಸೋಮವಾರ ಬುಲ್ಡೋಜರ್ ಬರುತ್ತೆ ಮಾರಾಯ್ತಿ, ಅದಕ್ಕೆ ಮೆಟ್ಟಿಲು ತೊಳೆದು ಕೊಡ್ತಿದೀಯಾ?" ಬಾಗಿಲಲ್ಲಿ ನಿಂತು ಕ್ಲೆಮೆಂಟ್ ಹೆಂಡತಿಯನ್ನು ರೇಗಿಸಿದ. ಅರ್ಲೀನ್ ತಲೆಯೆತ್ತಲಿಲ್ಲ. ಮಂಡಿಯೂರಿ, ಮುಂಬಾಗಿಲಿನ ಮೂರು ಅಮೃತಶಿಲೆಯ ಮೆಟ್ಟಿಲುಗಳನ್ನು ಉಜ್ಜುತ್ತಲೇ, "ಇವತ್ತು ಶನಿವಾರ," ಅಂದಳು.

ಬಾಲ್ಟಿಮೋರಿನ ಆ ಬೀದಿಯಲ್ಲಿ ಮೊದಲೆಲ್ಲ ಶನಿವಾರ ಬೆಳಿಗ್ಗೆ ಎಲ್ಲ ಮನೆಯ ಹೆಂಗಸರೂ ಮೆಟ್ಟಿಲು ತಿಕ್ಕುತ್ತಿದ್ದರು. ಯಾರ ಕಲ್ಲು ಹೆಚ್ಚು ಬೆಳ್ಳಗಿದೆಯೆಂದು ಓರೆಗಣ್ಣಲ್ಲೇ ಅಳೆಯುತ್ತಿದ್ದರು. ಹೆದ್ದಾರಿ ಬರುತ್ತದೆಂದು ಮನೆಗಳೆಲ್ಲ ಖಾಲಿಯಾಗಿದ್ದವು, ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಈಗ ಕೇಳಿಸುತ್ತಿದ್ದುದು ಇವಳದೊಂದೇ ಬ್ರಷ್ಷು.

"ಗಲೀಜು ಬಿಟ್ಟು ಹೋದ್ಲು ಅಂತ ಅನ್ನಿಸ್ಕೋಬೇಕಾ ನಾನು?"

"ಅನ್ನೋಕೆ ಯಾರು ಉಳಿದಿದಾರೆ ಇಲ್ಲಿ?"

ಅವಳು ಬಕೆಟ್ಟಿನ ನೀರು ಸುರಿದು, ಸೊಂಟ ಹಿಡಿದುಕೊಂಡು ಎದ್ದಳು. ಸಾಮಾನಿನ ಲಾರಿ ಮನೆಯೆದುರೇ ಕಾಯುತ್ತಿತ್ತು. ಇನ್ನು ಉಳಿದದ್ದು, ಯುದ್ಧ ಮುಗಿದಾಗ ಕ್ಲೆಮೆಂಟ್ ಹೊತ್ತು ತಂದಿದ್ದ ಕಬ್ಬಿಣದ ಟ್ರಂಕು ಮಾತ್ರ. ಅವನು ಅದನ್ನು ಹೆಗಲಿಗೇರಿಸಿಕೊಂಡು ಬಾಗಿಲಿಗೆ ಬಂದ. ಒದ್ದೆ ಮೆಟ್ಟಿಲು ನೋಡಿದ, ತನ್ನ ಧೂಳು ಮೆತ್ತಿದ ಬೂಟು ನೋಡಿದ. ಏನೋ ಗೊಣಗುತ್ತ ಒಳಗೆ ತಿರುಗಿದ.

ಹಿತ್ತಿಲ ಬಾಗಿಲಿನಿಂದ ಹೊರಟು, ಸಾಲುಮನೆಗಳ ಹಿಂದಿನ ಓಣಿಯನ್ನೆಲ್ಲ ಸುತ್ತಿ, ಬೀದಿಯ ಮೂಲೆಯಲ್ಲಿ ಅವನು ಏದುಸಿರು ಬಿಡುತ್ತ ಕಾಣಿಸಿಕೊಂಡಾಗ, ಟ್ರಂಕು ಇನ್ನೂ ಹೆಗಲ ಮೇಲೆಯೇ ಇತ್ತು.