ಮೂವತ್ತೇಳು ದಿನ

"ದೋಣಿ ಆಯ್ತು, ಕೋಟೆ ಆಯ್ತು. ಇನ್ನು ಚರ್ಚು ನೋಡಿ ಗೋಪುರ ಹತ್ತಿಬಿಟ್ರೆ ಮುಗೀತು," ಎಂದಳು ಮೊರೀನ್, ಕೈಯಲ್ಲಿದ್ದ ಚೀಟಿಯ ಮೇಲೆ ಬೆರಳಾಡಿಸುತ್ತ. ಡರಮ್ ಊರಿನ ಕಲ್ಲುಹಾಸಿನ ಏರು ಹತ್ತಿ ಅವಳಿಗೆ ಏದುಸಿರು ಬಂದಿತ್ತು. "ಚಿಕ್ಕವನಿದ್ದಾಗ ಎಷ್ಟು ಗೋಗರೀತಿದ್ದೆ, ಗೋಪುರಕ್ಕೆ ಕರ್ಕೊಂಡ್ಹೋಗಮ್ಮ ಅಂತ."

"ನೀನು ಆಮೇಲೆ ಆಮೇಲೆ ಅಂತಿದ್ದೆ," ಎಂದ ಮಗ ಕ್ರೇಗ್.

"ಅಂದೆ ಕಣೋ. ಬೆಂಕಿ ಹಾಕ ನನ್ನ ನಾಲಿಗೆಗೆ."

ಆಮೇಲೆ ಅನ್ನುವುದು ಇನ್ನು ಉಳಿದಿರಲಿಲ್ಲ. ನಾಳೆ ಬೆಳಗ್ಗೆ ಹತ್ತಕ್ಕೆ ಕೋರ್ಟಿನಲ್ಲಿ ಅವನಿಗೆ ಶಿಕ್ಷೆ ಹೇಳುತ್ತಾರೆ. ಕಾರು ಓಡಿಸುತ್ತ ಫೋನು ನೋಡಿದ್ದ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಶಾಲೆಯ ಮೇಷ್ಟರೊಬ್ಬರು ಸತ್ತರು. ತಪ್ಪು ಒಪ್ಪಿಕೊಂಡಾಗಿತ್ತು. "ಬರುವಾಗ ಬಟ್ಟೆ ಚೀಲ ಕಟ್ಟಿಕೊಂಡೇ ಬನ್ನಿ," ಎಂದಿದ್ದಳು ವಕೀಲೆ. ಎಷ್ಟು ವರ್ಷ ಎಂದು ಕೇಳಲು ಮೊರೀನಳಿಗೆ ಧೈರ್ಯ ಬರಲಿಲ್ಲ. ಚೀಲ ಕಟ್ಟಿಟ್ಟು, ಬೆಳಗಾಗೆದ್ದು ಮೊಟ್ಟೆಯ ಸ್ಯಾಂಡ್‌ವಿಚ್ ಮಾಡಿ, ಫ್ಲಾಸ್ಕಿಗೆ ಚಹಾ ತುಂಬಿ, ಮದುವೆಗೆ ಹೊರಟವಳ ಸಡಗರದಲ್ಲಿ ಮಗನನ್ನು ಹೊರಡಿಸಿದ್ದಳು. ಬೆಳಗಿನಿಂದ ಇಬ್ಬರೂ ಮಾತಾಡಿದ್ದು ಮೋಡದ ಬಗ್ಗೆ, ಹೊಳೆಯ ಬಾತುಗಳ ಬಗ್ಗೆ. ಆ ವಿಷಯ ಮಾತ್ರ ಯಾರ ಬಾಯಿಗೂ ಬರಲಿಲ್ಲ.

ಚರ್ಚಿನ ದೊಡ್ಡ ಬಾಗಿಲಲ್ಲಿ ನೇರಳೆ ನಿಲುವಂಗಿ ತೊಟ್ಟ ಮುದುಕನೊಬ್ಬ ನಿಂತಿದ್ದ. ಬಂದವರಿಗೆ ಹಳೆಯ ಕಥೆ ಹೇಳುವುದೇ ಅವನ ಸೇವೆ. ಬಾಗಿಲ ಮೇಲಿನ ಕಂಚಿನ ರಾಕ್ಷಸ ಮುಖವನ್ನೂ ಅದರ ಬಾಯಲ್ಲಿ ತೂಗುವ ದಪ್ಪ ಬಳೆಯನ್ನೂ ತೋರಿಸಿದ.

"ಹಿಂದಿನ ಕಾಲದಲ್ಲಿ ಕೊಲೆ ಮಾಡಿದವನೇ ಆಗ್ಲಿ, ಓಡಿ ಬಂದು ಈ ಬಳೆ ಹಿಡಿದ್ನೋ, ಮೂವತ್ತೇಳು ದಿನ ಯಾರೂ ಅವನ ಕೂದಲು ಕೊಂಕಿಸೋ ಹಾಗಿರ್ಲಿಲ್ಲ. ಹಿಡ್ಕೋ ಮರಿ, ಅಮ್ಮ ಫೋಟೋ ತೆಗೀಲಿ. ನೀನೇನು ಮಾಡಿ ಬಂದಿದ್ದೀಯೋ ಯಾರಿಗೆ ಗೊತ್ತು!" ಮುದುಕ ಹೊಟ್ಟೆ ಕುಣಿಸಿ ನಕ್ಕ. ದಿನಕ್ಕೆ ನೂರು ಸಲ ಹೇಳುವ ತಮಾಷೆ. ಪಾಪ, ಅವನಿಗೇನು ಗೊತ್ತು.

ಕ್ರೇಗ್ ಕೈಗಳನ್ನು ಜೇಬಿಗಿಳಿಸಿದ. ಮೊರೀನಳೇ ಮುಂದೆ ಹೋಗಿ ಎರಡೂ ಕೈಯಲ್ಲಿ ಬಳೆಯನ್ನು ಹಿಡಿದಳು.

"ಮೂವತ್ತೇಳು ದಿನ ಆದ್ಮೇಲೆ?"

"ಸತ್ತವನ ಕಡೆಯವರ ಜೊತೆ ರಾಜಿ ಆಗ್ಬೇಕು. ಇಲ್ದಿದ್ರೆ ದೇಶ ಬಿಟ್ಟು ಹೋಗ್ಬೇಕು." ಅವಳ ಮುಖ ನೋಡಿ ಮುದುಕನ ನಗೆ ಇಳಿಯಿತು. "ಇದು ನಕಲು, ತಾಯಿ. ನಿಜವಾದ್ದನ್ನ ಒಳಗೆ ಜೋಪಾನವಾಗಿ ಇಟ್ಟಿದ್ದಾರೆ. ಯಾರೂ ಮುಟ್ಟೋ ಹಾಗಿಲ್ಲ."

ಅವಳು ಬಿಡಲಿಲ್ಲ. ಹಿಂದೆ ಜನ ಸೇರಿದರು. ಯಾರೋ ಕೆಮ್ಮಿದರು.

"ಅಮ್ಮ, ಜನ ಕಾಯ್ತಿದ್ದಾರೆ."

"ಕಾಯ್ಲಿ. ಒಂದೇ ನಿಮಿಷ ಕಣೋ."

ಕ್ರೇಗ್ ಹತ್ತಿರ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಶಾಲೆಗೆ ಸೇರಿಸಿದ ಮೊದಲ ದಿನ, ತನ್ನ ಕೋಟಿನ ಅಂಚು ಹಿಡಿದಿದ್ದ ಅವನ ಬೆರಳುಗಳನ್ನು ಅವಳು ಬಿಡಿಸಿದ್ದೂ ಹೀಗೆಯೇ.

"ನಾನು ಹೋಗ್ತೀನಮ್ಮ," ಎಂದ. "ನೀನು ಬಿಡು."